ಮೊಳೆಯಿಲ್ಲದ ರೂಮು

ಅಥವಾ ಆ ಗೋಡೆ ಬಿಳಿಯಾಗಿ ಇರಲೇ ಇಲ್ಲವೇನೋ. ಮನೆಗಳ ನಕ್ಷೆ ಬರೆಯುವ ಕೆಲಸದಿಂದ ನಿವೃತ್ತಳಾದ ಮೇಲೆ ಯಾರು ಕೇಳಿದರೂ, "ನಾನು ಮಾಡಿದ ಮೊದಲ ಖಾಲಿ ಬೆಡ್‌ರೂಮು ಆರ್‌ಪಿಸಿ ಲೇಔಟಿನದು, ನಾಲ್ಕೂ ಗೋಡೆ ಅಪ್ಪಟ ಬಿಳಿ, ಒಳಗೆ ಒಂದು ಮಂಚ ಬಿಟ್ಟರೆ ಬೆಳಕು ಮತ್ತು ನೆರಳು, ಅಷ್ಟೇ" ಎಂದು ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಹೀಗೇ ಹೇಳುತ್ತಿರುವಾಗ ಮಾತು ಅರ್ಧಕ್ಕೆ ನಿಂತಿತು. ಎಂಬತ್ತರ ದಶಕದಲ್ಲಿ ಸುಣ್ಣಕ್ಕೆ ನೀಲಿ ಬೆರೆಸದೆ ಗೋಡೆಗೆ ಬಳಿದವರನ್ನು ನಾನು ನೋಡಿಯೇ ಇಲ್ಲ. ಪಂಚೆಗೆ ಹಾಕುವ ಅದೇ ನೀಲಿ. ಅಂದಮೇಲೆ ಗೋಡೆ ತಿಳಿನೀಲಿ ಇದ್ದಿರಬೇಕು. ಬಿಳಿ ಎನ್ನುವುದು ಆಮೇಲೆ ಯಾವುದೋ ಪತ್ರಿಕೆಯ ಹೊಳೆಯುವ ಹಾಳೆಯಲ್ಲಿ ನೋಡಿದ ಇನ್ಯಾರದೋ ಮನೆಯದು. ನನ್ನ ನೆನಪಿಗೆ ಬಂದು ಬಾಡಿಗೆಗೆ ಕೂತಿದೆ.

ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಈ ಕೆಲಸಕ್ಕೆ ಈಗ ಬರುತ್ತಿರುವ ಹುಡುಗ ಹುಡುಗಿಯರು ಹಿರಿಯರ ಅನುಭವ ಅಂದರೆ ಅಳತೆ ಸಮೇತ ನಂಬಿಬಿಡುತ್ತಾರೆ. ನಾನು ಯಾವಾಗ ಸ್ವಂತ ಆಫೀಸು ತೆರೆದೆ, ಯಾವಾಗ ಬೋರ್ಡಿನಲ್ಲಿ ಹೆಸರು ಬಂತು, ಅದೆಲ್ಲ ನನಗೆ ಚೆನ್ನಾಗಿ ನೆನಪಿದೆ. ಆದ್ದರಿಂದಲೇ ಅದರಲ್ಲಿ ಸ್ವಾರಸ್ಯವಿಲ್ಲ. ಸರಿಯಾಗಿ ನೆನಪಿಲ್ಲದ್ದನ್ನೇ ಬರೆಯುತ್ತೇನೆ. ಅದರಲ್ಲಿ ಕೆಲಸ ಕಲಿಯುವುದಕ್ಕೆ ಏನಾದರೂ ಸಿಕ್ಕಿದರೆ ಸಿಗಲಿ.

ನಾನು ಕೆಲಸಕ್ಕೆ ಸೇರಿದ್ದು ಬೆಂಗಳೂರಿನ ರಾಜಾಜಿನಗರದಲ್ಲಿ, ನಂಜುಂಡಯ್ಯನವರು ಎಂಬ ಇಂಜಿನಿಯರರ ಹತ್ತಿರ. ಆಫೀಸು ಒಂದು ಹಿಟ್ಟಿನ ಗಿರಣಿಯ ಮೇಲಿನ ಮಹಡಿ. ಕೆಳಗೆ ರಾಗಿ ಬೀಸಲು ಶುರು ಮಾಡಿದರೆ ಮೇಲೆ ಡ್ರಾಯಿಂಗ್ ಬೋರ್ಡು ಸಣ್ಣಗೆ ನಡುಗುತ್ತಿತ್ತು, ನಾವು ಎಳೆದ ಗೋಡೆಗಳೂ ನಡುಗುತ್ತಿದ್ದವು. ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆದು ತೆಗೆಯಬೇಕು. ಹಾಗೆ ಕೆರೆಯುತ್ತ ಕೂತಾಗ ಕೈಮೇಲೆ ಹಿಟ್ಟಿನ ಧೂಳು ಬಂದು ಕೂರುತ್ತಿತ್ತು. ಮನೆಗೆ ಹೋದರೆ ನಮ್ಮಮ್ಮ, "ನೀನು ಓದಿದ್ದು ಆರ್ಕಿಟೆಕ್ಚರೋ ಅಡುಗೆಯೋ" ಅಂತ ಕೇಳೋರು.

ನಂಜುಂಡಯ್ಯನವರ ಹತ್ತಿರ ಒಂದೇ ಪ್ಲಾನು ಇತ್ತು. ಸೈಟು ಪೂರ್ವಕ್ಕಿದ್ದರೆ ಅದನ್ನು ಹಾಗೇ ಕೊಡೋರು, ಪಶ್ಚಿಮಕ್ಕಿದ್ದರೆ ಟ್ರೇಸಿಂಗ್ ಹಾಳೆಯನ್ನು ಮಗುಚಿ ಹಿಂದಿನಿಂದ ಪ್ರಿಂಟು ತೆಗೆಸೋರು. ವಿಜಯನಗರ, ಬಸವೇಶ್ವರನಗರದ ಎಷ್ಟೋ ಮನೆಗಳು ಒಂದಕ್ಕೊಂದು ಕನ್ನಡಿಯಲ್ಲಿ ನೋಡಿದ ಹಾಗಿರುವುದಕ್ಕೆ ಇದೇ ಕಾರಣ. ಸೇರಿದ ಹೊಸದರಲ್ಲಿ ನಾನು ಒಂದು ಮನೆಯ ಬೆಡ್‌ರೂಮಿನಲ್ಲಿ ಅಟ್ಟ ಇಡದೆ ನಕ್ಷೆ ಬರೆದಿದ್ದೆ. ಅವರು ಕನ್ನಡಕ ಮೇಲೆತ್ತಿ ನೋಡಿದರು.

"ನೋಡಮ್ಮಾ, ಬೆಡ್‌ರೂಮು ಅಂದ್ರೆ ಏನು ಹೇಳು."

"ಮಲಗೋ ಜಾಗ ಸಾರ್."

"ಅದು ಪುಸ್ತಕದಲ್ಲಿ. ನಮ್ಮ ಕಡೆ ಬೆಡ್‌ರೂಮು ಅಂದ್ರೆ ಬೀರು ಇಡೋ ಜಾಗ. ಮಿಕ್ಕಿದ ಜಾಗದಲ್ಲಿ ಮನುಷ್ಯರು ಮಲಗ್ತಾರೆ, ಅದು ಅವರ ಅದೃಷ್ಟ."

ಅವರು ಹೇಳಿದ್ದು ತಮಾಷೆಯಲ್ಲ. ಬೀರು, ಟ್ರಂಕು, ಸುತ್ತಿಟ್ಟ ಹಾಸಿಗೆ, ಅಟ್ಟದ ಮೇಲೆ ತಾಮ್ರದ ಹಂಡೆ, ಮಂಚದ ಕೆಳಗೆ ಈರುಳ್ಳಿ, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಅಂಗಿಗಳ ಗುಡ್ಡೆ. ಬಣ್ಣದ ಹುಚ್ಚು, ಬೆಳಕಿನ ಹುಚ್ಚು ಹತ್ತಿಸಿಕೊಂಡು ಬಂದಿದ್ದ ನನಗೆ ಅದು ಮನೆಯಾಗಿ ಕಾಣದೆ ಗೋಡೌನಾಗಿ ಕಾಣುತ್ತಿತ್ತು. ಎಲ್ಲವನ್ನೂ ಆಚೆ ಎಸೆದು ಒಂದು ರೂಮು ಮಾಡಬೇಕು, ಅದರಲ್ಲಿ ಹೊತ್ತು ಹೊತ್ತಿಗೆ ನೆರಳು ಸರಿಯುವುದು ಬಿಟ್ಟರೆ ಬೇರೆ ಸಾಮಾನೇ ಇರಬಾರದು ಅಂತ ಆಸೆ. ಆಸೆಗೆ ಗಿರಾಕಿ ಬೇಕಲ್ಲ.

ಗಿರಾಕಿ ಬಂದರು. ಗಿರಿಜಾ ಅಂತ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿಂದೂರಿಗೆ ಟ್ರಂಕ್ ಕಾಲ್ ಕೂಡಿಸಿಕೊಡುವ ಆಪರೇಟರು, ರಾತ್ರಿ ಪಾಳಿ. ಗಂಡ ಮಹದೇವಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ದಾವಣಗೆರೆ ಕಡೆಯ ಕುಟುಂಬ, ಆರ್‌ಪಿಸಿ ಲೇಔಟಿನಲ್ಲಿ ಸೈಟು ಸಿಕ್ಕಿ ಮನೆ ಕಟ್ಟಿಸಲು ಹೊರಟಿದ್ದರು. ಮಹದೇವಪ್ಪನವರು ನಂಜುಂಡಯ್ಯನವರ ಹತ್ತಿರ ಸಿಮೆಂಟಿನ ಮಾತಾಡುತ್ತಿದ್ದಾಗ ಗಿರಿಜಾ ನನ್ನ ಬೋರ್ಡಿನ ಹತ್ತಿರ ಬಂದು ನಿಂತರು. ಕಣ್ಣು ಕೆಂಪಗಿದ್ದವು. ನಾನು ಅತ್ತಿದ್ದಾರೆ ಅಂದುಕೊಂಡೆ.

"ಮೇಡಂ, ನಂಗೆ ಹಗಲು ನಿದ್ದೆ ಮಾಡೋಕೆ ಒಂದು ರೂಮು ಬೇಕು" ಅಂದರು. "ಮಿಕ್ಕಿದ ಮನೆ ಅವರು ಹೆಂಗಾದ್ರೂ ಕಟ್ಕೊಳ್ಳಲಿ."

ಬೆಳಿಗ್ಗೆ ಏಳೂವರೆಗೆ ಮನೆಗೆ ಬಂದು ಮಲಗುತ್ತಾರೆ. ಬಾಡಿಗೆ ಮನೆಯಲ್ಲಿ ಇರುವುದು ಒಂದೇ ರೂಮು, ಅದರಲ್ಲೇ ಎಲ್ಲ ಸಾಮಾನು. ಅತ್ತೆ ಬಸಮ್ಮನವರು ಒಳ್ಳೆಯವರೇ. "ಮಲಕ್ಕಳವ್ವಾ, ನಾ ಶೇಂಗಾ ತಗಂಡು ಹೋಗ್ತೀನಿ" ಅಂತ ಬರುತ್ತಾರೆ. ಸ್ವಲ್ಪ ಹೊತ್ತಿಗೆ, "ಮಲಕ್ಕಾ, ಟವಲ್ಲು" ಅಂತ. ಆಮೇಲೆ ಜೋಳದ ಹಿಟ್ಟಿಗೆ, ಹರಳೆಣ್ಣೆಗೆ, ಅಮಾವಾಸ್ಯೆ ಯಾವಾಗ ಅಂತ ಕ್ಯಾಲೆಂಡರು ನೋಡುವುದಕ್ಕೆ. ಪ್ರತಿ ಸಲವೂ ಮಲಗು ಅಂತ ಹೇಳುವುದಕ್ಕೆ ಎಬ್ಬಿಸುತ್ತಾರೆ.

ಹೀಗಾಗಿ ಗಿರಿಜಾ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ತೂಕಡಿಸಿ, ಮೈಸೂರಿನ ಮದುವೆ ಛತ್ರ ಕೇಳಿದವರಿಗೆ ಮಂಗಳೂರಿನ ಐಸ್ ಫ್ಯಾಕ್ಟರಿ ಕೊಟ್ಟುಬಿಟ್ಟಿದ್ದರು. ಫ್ಯಾಕ್ಟರಿಯವರು ಪಾಪ, ಎಷ್ಟು ಐಸು ಬೇಕು ಅಂತ ಕೇಳಿದರಂತೆ. ಮದುವೆಯವರು ಹುಡುಗಿ ಒಪ್ಪಿದಾಳಾ ಅಂತ ಕೇಳಿದರಂತೆ. ಗಿರಿಜಾ ಇದನ್ನು ನಗುತ್ತಲೇ ಹೇಳಿದರು. ಆಮೇಲೆ ದನಿ ತಗ್ಗಿಸಿದರು. ಅವರಿಗೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇನ್ನೊಂದು ಸಲ ಹೀಗಾದರೆ ಮೆಮೊ, ಅದರ ಮೇಲೂ ಆದರೆ ಮನೆ ದಾರಿ ಅಂತ ಸೂಪರ್‌ವೈಸರ್ ಹೇಳಿಯಾಗಿತ್ತು. ಮನೆಯಲ್ಲಿ ಎಲ್ಲರೂ ಅದಕ್ಕೇ ಕಾಯುತ್ತಿದ್ದರು. "ಬಿಟ್ಟುಬಿಡು ಅನ್ನೋಕೆ ಅವರಿಗೆ ಬಾಯಿ ಬರ್ತಾ ಇಲ್ಲ. ಆಫೀಸಿನವರೇ ಬಿಡಿಸಿದ್ರೆ ಅವರಿಗೆ ಸುಲಭ. ನಂಗೆ ಆ ಕೆಲಸ ಬೇಕು ಮೇಡಂ."

ಎಂಥ ಕೊಠಡಿ ಅಂತ ಕೇಳಿದೆ. ಕತ್ತಲೆ ಇರಬೇಕು, ಗಾಳಿ ಇರಬೇಕು, ಯಾರೂ ಬರಬಾರದು. "ಇನ್ನೊಂದು. ಏಳೋಕೆ ಅಲಾರಂ ಬೇಡ. ರಾತ್ರಿಯೆಲ್ಲ ಬಜರ್ ಕೇಳಿ ಕೇಳಿ, ಗಂಟೆ ಶಬ್ದ ಅಂದ್ರೇನೇ ಆಗಲ್ಲ."

ನನಗೆ ಅಂದು ಏನಾಯಿತು ಅಂತ ನಿಮಗೆ ಹೇಗೆ ಹೇಳಲಿ. ನಾನು ಖಾಲಿ ರೂಮು ಬೇಕು ಅಂತಿದ್ದದ್ದು ಅಂದಕ್ಕೆ. ಈ ಹೆಂಗಸಿಗೆ ಖಾಲಿ ರೂಮು ಬದುಕಿಗೆ ಬೇಕಾಗಿತ್ತು. ಒಳಗೆ ಏನೂ ಇಲ್ಲದಿದ್ದರೆ ತೆಗೆದುಕೊಂಡು ಹೋಗುವುದಕ್ಕೆ ಯಾರೂ ಬರುವುದಿಲ್ಲ. ಬೀರು ಬೇಡ, ಅಟ್ಟ ಬೇಡ, ಗೂಡು ಬೇಡ. ಒಂದು ಮೊಳೆ ಕೂಡ ಬೇಡ. ಮೊಳೆ ಹೊಡೆದರೆ ಕ್ಯಾಲೆಂಡರು ಬರುತ್ತದೆ, ಕ್ಯಾಲೆಂಡರು ಬಂದರೆ ಅಮಾವಾಸ್ಯೆ ನೋಡಲು ಅತ್ತೆ ಬರುತ್ತಾರೆ. ಇದನ್ನೇ ಆಮೇಲೆ ದೊಡ್ಡ ದೊಡ್ಡ ಮಾತುಗಳಲ್ಲಿ ನಾನು ಸಭೆಗಳಲ್ಲಿ ಹೇಳಿದ್ದುಂಟು. ನಿಜವಾದ ಸಿದ್ಧಾಂತ ಇಷ್ಟೇ: ಮೊಳೆ, ಕ್ಯಾಲೆಂಡರು, ಅತ್ತೆ.

ರೂಮು ರಸ್ತೆಯ ಕಡೆಗೆ ಬರುತ್ತಿತ್ತು, ರಸ್ತೆ ಪಶ್ಚಿಮಕ್ಕೆ. ಕಿಟಕಿಗೆ ಸಂದಿಯಿಲ್ಲದೆ ಕೂಡುವ ಮರದ ಬಾಗಿಲು ಇಟ್ಟೆ. ಗಾಳಿಗೆ ಬೇರೆ ಕಿಂಡಿ, ಗೋಡೆಯೊಳಗೇ ಡೊಂಕಾಗಿ ತಿರುಗಿ ಬರುವಂತೆ. ಗಾಳಿ ತಿರುಗಿಕೊಂಡು ಬರುತ್ತದೆ, ಬೆಳಕಿಗೆ ತಿರುಗಲು ಬಾರದೆ ಹೊರಗೇ ನಿಲ್ಲುತ್ತದೆ. ಅಲಾರಮ್ಮಿಗೆ ನಾನು ಕಂಡುಕೊಂಡ ಉಪಾಯದ ಬಗ್ಗೆ ನನಗೆ ಇವತ್ತಿಗೂ ಜಂಬ. ಪಶ್ಚಿಮದ ಗೋಡೆಯಲ್ಲಿ, ತಲೆಗಿಂತ ಎತ್ತರದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ತೂತು. ಮಧ್ಯಾಹ್ನ ಸೂರ್ಯ ಆ ಕಡೆ ಇಳಿದಾಗ ಅದರಿಂದ ಬಿಸಿಲಿನ ಒಂದು ಬಿಲ್ಲೆ ನೆಲಕ್ಕೆ ಬೀಳುತ್ತದೆ. ಹೊತ್ತು ಇಳಿದಂತೆ ಬಿಲ್ಲೆ ಮಂಚದ ಕಡೆ ತೆವಳುತ್ತದೆ, ಕಾಲು ಮುಟ್ಟುತ್ತದೆ, ಹೊದಿಕೆಯ ಮೇಲೆ ಹತ್ತುತ್ತದೆ, ನಾಲ್ಕು ಗಂಟೆ ಸುಮಾರಿಗೆ ರೆಪ್ಪೆಯ ಮೇಲೆ ಬಂದು ಕೂರುತ್ತದೆ.

ಈಗ ನೀವು ಕಂಪ್ಯೂಟರಿನಲ್ಲಿ ಸೂರ್ಯನನ್ನು ಬೆರಳಲ್ಲಿ ಎಳೆದಾಡುತ್ತೀರಿ. ನಾನು ಚಪ್ಪಲಿ ಡಬ್ಬಕ್ಕೆ ತೂತು ಕೊರೆದು, ಒಳಗೆ ಬೆಂಕಿಪೊಟ್ಟಣದ ಮಂಚ ಇಟ್ಟು, ಟಾರ್ಚು ಹಿಡಿದು ನೋಡಿದೆ. ಕೆಳಗೆ ಗಿರಣಿ ಓಡುತ್ತಿತ್ತು, ನನ್ನ ಸೂರ್ಯ ಗಡಗಡ ನಡುಗುತ್ತಿದ್ದ. ನಂಜುಂಡಯ್ಯನವರು ಹಿಂದೆ ಬಂದು ನಿಂತಿದ್ದರು.

"ಮಳೆಗಾಲದಲ್ಲಿ?"

"ಮಳೆಗಾಲದಲ್ಲಿ ಮಲಗಲಿ ಸಾರ್."

"ಸೂರ್ಯ ಆರು ತಿಂಗಳು ಆ ಕಡೆ, ಆರು ತಿಂಗಳು ಈ ಕಡೆ ಸರೀತಾನಲ್ಲಮ್ಮಾ. ಬಿಲ್ಲೆ ಮಂಚ ಬಿಟ್ಟು ಬೇರೆ ಕಡೆ ಹೋಗುತ್ತೆ."

"ಮಂಚಾನೂ ಸರಿಸ್ತಾರೆ. ರೂಮು ಖಾಲಿ ಇದೆಯಲ್ಲ."

ಅವರು ಸ್ವಲ್ಪ ಹೊತ್ತು ಡಬ್ಬದೊಳಗೆ ಇಣುಕಿದರು. "ಜಪಾನಿನಲ್ಲಿ ಹಿಂಗೆ ಮಾಡ್ತಾರಂತೆ ಅಂತ ಮಹದೇವಪ್ಪನಿಗೆ ಹೇಳ್ತೀನಿ" ಅಂದರು. ಅವರಿಗೆ ಜಪಾನ್ ಎಲ್ಲಿದೆ ಅಂತ ಬಿಟ್ಟರೆ ಅದರ ಬಗ್ಗೆ ಬೇರೇನೂ ಗೊತ್ತಿರಲಿಲ್ಲ ಅಂತ ನನ್ನ ಗುಮಾನಿ. ಆದರೆ ಮಹದೇವಪ್ಪನವರು ಒಪ್ಪಿದರು.

ಬಸಮ್ಮನವರು ಒಪ್ಪಲಿಲ್ಲ. ಸೈಟಿಗೆ ಬಂದು, ಬಾಗಿಲ ಎತ್ತರಕ್ಕೆ, ಲಿಂಟಲ್ ಮಟ್ಟದಲ್ಲಿ, ನಿಂತಿದ್ದ ಗೋಡೆಗಳ ನಡುವೆ ಒಂದು ಸುತ್ತು ಹಾಕಿ, ಸೊಂಟಕ್ಕೆ ಸೆರಗು ಸಿಗಿಸಿಕೊಂಡು ನನ್ನನ್ನು ನೋಡಿದರು.

"ಅಟ್ಟ ಎಲ್ಲೈತವ್ವಾ?"

"ಅಟ್ಟ ಆ ಕಡೆ ರೂಮಿನಲ್ಲಿ ಇದೆ ಅಮ್ಮ. ಇದರಲ್ಲಿ ಇಲ್ಲ."

"ಗೂಡು?"

"ಗೂಡೂ ಇಲ್ಲ."

"ಹಂಗಾರೆ ಇಷ್ಟು ದೊಡ್ಡ ರೂಮಿನಾಗೆ ಆಕಿ ಒಬ್ಬಾಕಿ ಮಲಕ್ಕಣಾದಾ? ಜೋಳದ ಚೀಲಕ್ಕಿಂತ ನಮ್ಮನಿಯಾಗೆ ಸೊಸಿ ಮರ್ಯಾದಿ ಹೆಚ್ಚಾತೇನು?"

ಗಿರಿಜಾ ನನ್ನ ಮುಖ ನೋಡಿದರು. ನಿಜ ಹೇಳಿದರೆ ರೂಮು ಹೋಗುತ್ತಿತ್ತು. ನನ್ನ ಬಾಯಿಂದ ಬಂದದ್ದು ಇದು: "ಅದು ಹೊಸ ತರಹದ ಗಾರೆ ಅಮ್ಮ. ಒಣಗೋಕೆ ತುಂಬ ದಿನ ಬೇಕು. ಅಲ್ಲೀವರೆಗೂ ಗೋಡೆಗೆ ತಾಗಿಸಿ ಏನೂ ಇಡಬಾರದು, ಮೊಳೆ ಹೊಡೀಬಾರದು. ಹೊಡೆದ್ರೆ ಗೋಡೆ ಬಿರುಕು ಬಿಡುತ್ತೆ."

ಬಸಮ್ಮನವರು ಹಸಿ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದರು. "ಎಷ್ಟು ದಿನ?"

"ಅದನ್ನ ಗೋಡೆಯೇ ಹೇಳಬೇಕು."

ಕೆಲಸ ಕಲಿಯುವವರಿಗೆ ಒಂದು ಮಾತು. ಗಿರಾಕಿಗೆ ಸುಳ್ಳು ಹೇಳಬಾರದು. ಗಿರಾಕಿಯ ಅತ್ತೆಗೆ ಹೇಳುವುದಾದರೆ ಮುಟ್ಟಿ ನೋಡಬಹುದಾದಂಥ ಸುಳ್ಳು ಹೇಳಬೇಕು.

ತೂತಿನ ಕಥೆ ಬೇರೆ ಆಯಿತು. ಗಾರೆ ಕೆಲಸ ಮುಗಿದ ದಿನ ಹೋಗಿ ನೋಡಿದರೆ ಪಶ್ಚಿಮದ ಗೋಡೆ ನುಣ್ಣಗಿದೆ, ತೂತೇ ಇಲ್ಲ. ಕಾಮಾಕ್ಷಿಪಾಳ್ಯದ ಮುನಿಯಪ್ಪ ಮೇಸ್ತ್ರಿ ಕರಣೆ ತೊಳೆಯುತ್ತಾ ನಿಂತಿದ್ದ. ಮೇಸ್ತ್ರಿಗಳು ಎತ್ತರಕ್ಕೆ ಹತ್ತಲು ಸಾರುವೆ ಕಟ್ಟುವಾಗ ಮರ ಸಿಗಿಸಲು ಗೋಡೆಯಲ್ಲಿ ತೂತು ಬಿಟ್ಟಿರುತ್ತಾರೆ, ಕೊನೆಗೆ ಮುಚ್ಚಿಕೊಂಡು ಬರುತ್ತಾರೆ.

"ಒಂದು ಸಾರುವೆ ತೂತು ಉಳ್ಕೊಂಡಿತ್ತು ಮೇಡಂ, ಮುಚ್ಚಿದೀನಿ" ಅಂದ, ಹೊಗಳಿಕೆ ಕಾಯುತ್ತ.

"ಅದು ಸಾರುವೆ ತೂತಲ್ಲ ಮುನಿಯಪ್ಪ, ಬೆಳಕಿಗೆ ಅಂತ ಬಿಡಿಸಿದ್ದು."

"ಬೆಳಕಿಗೆ ಕಿಟಕಿ ಇಟ್ಟು ಅದಕ್ಕೆ ಗಾಳಿ ಹೋಗದಂಗೆ ಬಾಗಿಲು ಮಾಡ್ಸಿದೀರಿ. ಈಗ ತೂತು ಹೊಡಿ ಅಂತೀರಿ."

ಹೊಡೆದ. ವಾರ ಬಿಟ್ಟು ಹೋದರೆ ಸುಣ್ಣ ಬಳಿಯಲು ಬಂದವರು ಮತ್ತೆ ಮುಚ್ಚಿದ್ದರು, ಸಾರುವೆ ತೂತು ಉಳಿದಿದೆ ಅಂತ. ಮೂರನೆಯ ಸಲ ನಾನೇ ಪಕ್ಕದಲ್ಲಿ ಇಟ್ಟಿಗೆ ಮೇಲೆ ಕೂತು ಕೊರೆಸಿದೆ. ಗೋಡೆ ದಪ್ಪ, ಬಿಸಿಲು ಓರೆಯಾಗಿ ಬರಬೇಕು, ಅದಕ್ಕೆ ಒಳಗಡೆ ತೂತು ಕಹಳೆಯ ಬಾಯಿಯಂತೆ ಅಗಲವಾಗಿ ಅರಳಬೇಕು. ಹೊರಗಡೆ ಬಾಯಿಗೆ ತೆಳು ತಗಡು, ತಗಡಿಗೆ ಅಚ್ಚುಕಟ್ಟಾಗಿ ದುಂಡನೆ ತೂತು. ಅದನ್ನು ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಹೊಡೆಸಿ ತಂದೆ. ಈಗ ಓದುತ್ತಿರುವ ನೀವು, ಕತ್ತಲೆ ರೂಮು, ತೆಳು ತಗಡು, ದುಂಡನೆ ಸಣ್ಣ ತೂತು ಅಂದಾಗಲೇ ಮುಂದೇನು ಅಂತ ಊಹಿಸಿರಬಹುದು. ಶಾಲೆಯಲ್ಲಿ ರಟ್ಟಿನ ಡಬ್ಬದಲ್ಲಿ ಇದನ್ನೇ ಮಾಡಿಸುತ್ತಾರೆ. ನಾನೂ ಮಾಡಿದ್ದೆ. ಡಬ್ಬದೊಳಗೆ ಮನುಷ್ಯರನ್ನು ಮಲಗಿಸಿದರೆ ಅದು ಅದೇ ಡಬ್ಬ ಅಂತ ಹೊಳೆಯಲಿಲ್ಲ.

ಗೃಹಪ್ರವೇಶಕ್ಕೆ ಬಂದವರು ಮನೆ ಪೂರ್ತಿ ನೋಡಿ ಈ ರೂಮಿನ ಬಾಗಿಲಲ್ಲಿ ನಿಂತು ದನಿ ತಗ್ಗಿಸುತ್ತಿದ್ದರು. "ಪಾಪ, ಇದೊಂದು ರೂಮಿಗೆ ಬರೋ ಹೊತ್ತಿಗೆ ಕೈ ಖಾಲಿ ಆಗಿರಬೇಕು." ಉಡುಗೊರೆಗೆ ಗೋಡೆ ಗಡಿಯಾರಗಳು ಸಾಲುಸಾಲಾಗಿ ಬಂದವು. ಮೊಳೆ ಹೊಡೆಯುವಂತಿಲ್ಲ ಅಂತ ಬಸಮ್ಮನವರು ಎಲ್ಲರಿಗೂ ವಿವರಿಸುತ್ತಿದ್ದರು. ಜಪಾನಿನ ಗಾರೆ ಅಂತ. ನಂಜುಂಡಯ್ಯನವರ ಮಾತೂ ನನ್ನ ಮಾತೂ ಅವರ ಬಾಯಲ್ಲಿ ಸೇರಿಕೊಂಡಿದ್ದವು.

ಹತ್ತು ಹದಿನೈದು ದಿನ ಆಗಿರಬೇಕು. ಬೆಳಿಗ್ಗೆ ಆಫೀಸಿಗೆ ಫೋನು ಬಂತು. ಗಿರಿಜಾ, ಎದುರಿನ ಅಂಗಡಿಯಿಂದ ಮಾತಾಡುತ್ತಿದ್ದರು. ದನಿ ಬಹಳ ನಿಧಾನವಾಗಿತ್ತು, ಜ್ವರ ಬಂದವರ ಹಾಗೆ.

"ಮೇಡಂ, ನನ್ನ ಗೋಡೆ ಮೇಲೆ ಸೊಪ್ಪಿನವಳು ತಲೆಕೆಳಗಾಗಿ ನಡ್ಕೊಂಡು ಹೋಗ್ತಾ ಇದಾಳೆ."

ನಿದ್ದೆಗೆಟ್ಟು ತಲೆ ಕೆಟ್ಟಿದೆ, ಕೆಲಸವೂ ಹೋಯಿತು ಅಂತ ಅಂದುಕೊಂಡೆ.

"ಬುಟ್ಟಿ ಕೆಳಗಿದೆ, ಕಾಲು ಮೇಲಿದೆ. ಸೊಪ್ಪು ಬೀಳ್ತಾ ಇಲ್ಲ" ಅಂದರು.

ನಂಜುಂಡಯ್ಯನವರನ್ನೂ ಕರೆದುಕೊಂಡು ಆಟೋ ಹತ್ತಿದೆ. ರೂಮಿನ ಬಾಗಿಲು ಹಾಕಿಕೊಂಡು ಕಣ್ಣು ಕತ್ತಲೆಗೆ ಹೊಂದುವವರೆಗೆ ನಿಂತೆವು. ಮೆಲ್ಲಗೆ ಪೂರ್ವದ ಗೋಡೆಯ ಮೇಲೆ, ಶಾಲೆಯ ಪಿನ್‌ಹೋಲ್ ಕ್ಯಾಮೆರಾದ ಡಬ್ಬದಲ್ಲಿ ಮೂಡುವ ಹಾಗೇ, ಇಡೀ ರಸ್ತೆ ತಲೆಕೆಳಗಾಗಿ ಮೂಡಿತು. ಕೆಳಗೆ ಆಕಾಶ, ಅದರ ಮೇಲೆ ಎದುರುಮನೆಯ ತಾರಸಿ ಮಗುಚಿಕೊಂಡು, ಇನ್ನೂ ಮೇಲೆ, ಸೂರಿಗೆ ತಾಗಿದಂತೆ, ರಸ್ತೆ. ಒಬ್ಬ ಸೈಕಲ್ ಸವಾರ ಚಕ್ರ ಮೇಲೆ ಮಾಡಿ ಸದ್ದಿಲ್ಲದೆ ಗೋಡೆ ದಾಟಿ ಹೋದ. ಬೆಳಗಿನ ಬಿಸಿಲು ಎದುರುಮನೆಗಳ ಮುಖಕ್ಕೆ ಹೊಡೆಯುತ್ತಿತ್ತು, ಬಣ್ಣ ಕೂಡ ಕಾಣುತ್ತಿತ್ತು. ನನ್ನ ಬದುಕಿನಲ್ಲಿ ನಾನು ಕಟ್ಟಿಸಿದ್ದರಲ್ಲಿ ಅಷ್ಟು ಚಂದದ್ದು ಬೇರೆ ಇಲ್ಲ. ಅದನ್ನು ನಾನು ಕಟ್ಟಿಸಿರಲೂ ಇಲ್ಲ.

ನಂಜುಂಡಯ್ಯನವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಇದು ಜಪಾನಿನಲ್ಲೂ ಇರಲಾರದು" ಅಂದರು.

ಬಸಮ್ಮನವರು ನಮ್ಮ ಹಿಂದೆ ಬಂದು ನಿಂತಿದ್ದರು. ಮೊದಲ ದಿನ ಹೆದರಿ ವಿಭೂತಿ ಹಚ್ಚಿಕೊಂಡಿದ್ದರಂತೆ. ಈಗ ಗೋಡೆಯ ಹತ್ತಿರ ಹೋಗಿ ಕತ್ತು ಓರೆ ಮಾಡಿದರು. "ಅದು ಎದುರುಮನಿ ಪದ್ಮಾವತಿ ಅಲ್ಲೇನು? ಮತ್ತೆ ಹೊರಗ ಹೊಂಟಾಳೆ. ನಿನ್ನೆನೂ ಇದೇ ಹೊತ್ತಿಗೆ ಹೋದ್ಲು."

ಅಲ್ಲಿಗೆ ರೂಮಿನ ಕಥೆ ಮುಗಿಯಿತು. ತೆಗೆದುಕೊಂಡು ಹೋಗಲು ಏನೂ ಇಲ್ಲದ ರೂಮಿನಲ್ಲಿ ಈಗ ನೋಡಲು ಇಡೀ ಬೀದಿ ಇತ್ತು. ಅಕ್ಕಪಕ್ಕದ ಮಕ್ಕಳು ಬಂದರು, ಮಕ್ಕಳನ್ನು ಕರೆದುಕೊಂಡು ಹೋಗಲು ತಾಯಂದಿರು ಬಂದು ಕೂತರು. ಎರಡನೇ ಶನಿವಾರ ಮಹದೇವಪ್ಪನವರ ಕಚೇರಿಯವರು ಬಂದರು. ಒಬ್ಬರು ರಸ್ತೆಗೆ ಹೋಗಿ ತಮ್ಮ ಸ್ಕೂಟರನ್ನು ಹಿಂದೆ ಮುಂದೆ ಓಡಿಸಿ, ಒಳಗಿದ್ದವರನ್ನು ಹೇಗೆ ಕಂಡಿತು ಅಂತ ಕೇಳಿದರಂತೆ. ಎಲ್ಲರೂ ಗಿರಿಜಾಗೆ ತೊಂದರೆ ಆಗಬಾರದು ಅಂತ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. "ನಾನು ಆ ಗೋಡೆಗೆ ಬೆನ್ನು ಮಾಡಿ ಮಲಗ್ತೀನಿ ಮೇಡಂ" ಅಂತ ಗಿರಿಜಾ ಹೇಳಿದರು. "ಕಾಲ ಹತ್ತಿರ ಕೂತಿರೋರು, ಏ ಬಸ್ಸು ಬಂತು ನೋಡ್ರೋ ಅಂತಾರೆ. ನಾನೂ ತಿರುಗಿ ನೋಡ್ತೀನಿ. ಏನ್ಮಾಡ್ಲಿ."

ಮತ್ತೆ ತೂಕಡಿಕೆ, ಮತ್ತೆ ತಪ್ಪು ಕನೆಕ್ಷನ್. ಈ ಸಲ ಯಾರನ್ನು ಯಾರಿಗೆ ಕೊಟ್ಟರು ಅಂತ ಅವರು ಹೇಳಲಿಲ್ಲ, ನಗಲೂ ಇಲ್ಲ. ಮೆಮೊ ಕೈಗೆ ಬಂದಿತ್ತು. ಕಾರಣ ಬರೆದು ಕೊಡಬೇಕು.

"ಏನಂತ ಬರೀಲಿ? ನನ್ನ ಬೆಡ್‌ರೂಮಿನಲ್ಲಿ ರಸ್ತೆ ಓಡಾಡುತ್ತೆ ಅಂತ ಬರೀಲಾ?"

ತೂತು ಮುಚ್ಚಿಸಿಬಿಡೋಣ ಅಂದೆ. ಮುನಿಯಪ್ಪ ಸಂತೋಷವಾಗಿ ಬರುತ್ತಿದ್ದ. ಗಿರಿಜಾ ತಲೆ ಅಲ್ಲಾಡಿಸಿದರು. ಸಂಜೆ ಕಾಲ ಮೇಲೆ ಬಿಸಿಲು ಹತ್ತಿ ಬಂದು ಏಳುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಎಷ್ಟು ಕಡಿಮೆ ನಿದ್ದೆ ಮಾಡಿದರೂ ಏಳುವುದು ಮಾತ್ರ ಚೆನ್ನಾಗಿತ್ತಂತೆ. ಅದನ್ನು ಮುಚ್ಚಬೇಡಿ ಅಂದರು.

ಹಾಗಾಗಿ ಮುಚ್ಚಳ. ಹೊರಗಿನ ತಗಡಿಗೆ ಅಡ್ಡಲಾಗಿ ಜಾರುವ ಇನ್ನೊಂದು ತಗಡು. ಬೆಳಿಗ್ಗೆ ಮುಚ್ಚಿರಬೇಕು, ರಸ್ತೆ ಒಳಗೆ ಬರಬಾರದು. ಮೂರು ಗಂಟೆ ಹೊತ್ತಿಗೆ ತೆರೆಯಬೇಕು. ಆಗ ಎದುರುಮನೆಗಳ ಮುಖಕ್ಕೆ ನೆರಳು, ಚಿತ್ರ ಮಸುಕು, ಬಿಸಿಲ ಬಿಲ್ಲೆ ಮಾತ್ರ ಒಳಗೆ. ಆದರೆ ಗಿರಿಜಾ ಮಲಗಿರುತ್ತಾರೆ, ಮಹದೇವಪ್ಪನವರು ಕಚೇರಿಯಲ್ಲಿ. ಗೇಟಿನ ಒಳಗೆ ನಿಂತು, ಬಟ್ಟೆ ಹರವುವ ಕೋಲಿನಿಂದ ಆ ಮುಚ್ಚಳ ತಳ್ಳಲು ಮನೆಯಲ್ಲಿ ಇರುವುದು ಒಬ್ಬರೇ. ಸೊಸೆ ಕೆಲಸ ಬಿಟ್ಟರೆ ಸಾಕು ಅಂತ ಕಾಯುತ್ತಿದ್ದವರು.

ನಾನು ಹೋಗಿ ಕೇಳಿದೆ. ಬಸಮ್ಮನವರು ಶೇಂಗಾ ಸುಲಿಯುತ್ತಿದ್ದರು. ಈ ಮಾತುಕತೆಯನ್ನು ನಾನು ಎಷ್ಟೋ ಸಲ ಎಷ್ಟೋ ತರಹ ಹೇಳಿದ್ದೇನೆ. ಒಂದರಲ್ಲಿ ನಾನು ಬಹಳ ಜಾಣೆ, ಇನ್ನೊಂದರಲ್ಲಿ ಅವರ ಕಾಲಿಗೆ ಬೀಳುತ್ತೇನೆ. ಎರಡೂ ನಿಜಕ್ಕೆ ಹತ್ತಿರವಿಲ್ಲ. ಇಷ್ಟು ಮಾತ್ರ ಗಟ್ಟಿ.

"ನಾ ತೆಗೀದಿದ್ರೆ ಆಕಿ ಏಳಲ್ಲಾ?"

"ಏಳಲ್ಲ. ಡ್ಯೂಟಿಗೆ ತಡ ಆಗುತ್ತೆ."

"ನಾ ಬೆಳಿಗ್ಗೇನೆ ತೆಗೆದ್ರೆ?"

"ನಿದ್ದೆ ಆಗಲ್ಲ. ಕೆಲಸ ಹೋಗುತ್ತೆ."

ಒಂದು ಕಾಯಿ ಒಡೆದು, ಬೀಜ ಎರಡನ್ನೂ ನನ್ನ ಕೈಗೆ ಹಾಕಿದರು. "ಹಂಗಾರೆ ಸೂರ್ಯ ನನ್ನ ಕೈಯಾಗೈತೆ ಅನ್ನು."

"ಹೌದಮ್ಮ."

"ಮಾದೇವ ಇದನ್ನ ನಂಗೆ ಹೇಳ್ಲಿಲ್ಲ. ಬರೇ ಮುಚ್ಚಳ ಅಂದ."

ಮರುದಿನದಿಂದ ಮೂರು ಗಂಟೆಗೆ ಕೋಲು ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ರಸ್ತೆಯಲ್ಲಿ ಹೋಗುವವರು ಏನಮ್ಮ ಅಂದರೆ, "ಸೊಸಿಗೆ ಸೂರ್ಯನ್ನ ಬಿಡ್ತಿದೀನಿ" ಅನ್ನುತ್ತಿದ್ದರು. ಬೆಳಿಗ್ಗೆ ಮಕ್ಕಳು ಬಂದರೆ ಸಿನಿಮಾ ಎತ್ತಂಗಡಿ ಆಯಿತು ಅಂತ ಕಳಿಸುತ್ತಿದ್ದರು. ಗಿರಿಜಾಗೆ ಮತ್ತೆ ಮೆಮೊ ಬರಲಿಲ್ಲ. ಸ್ವಲ್ಪ ಕಾಲಕ್ಕೆ ಖಾಯಂ ಆಯಿತು, ಪೇಡ ತಂದು ಕೊಟ್ಟರು. ನಂಜುಂಡಯ್ಯನವರು ಎರಡು ತಿಂದರು.

ಅದಾದ ಮೇಲೆ ಒಮ್ಮೆ ನಾನು ಅಲ್ಲಿದ್ದಾಗ ಅವರ ಊರಿನ ನೆಂಟರೊಬ್ಬರು ಎರಡು ಟ್ರಂಕು ಹೊತ್ತುಕೊಂಡು ಬಂದರು. ಮಗ ಕಾಲೇಜಿಗೆ ಸೇರುವವರೆಗೆ ಇಲ್ಲಿರಲಿ, ಹೇಗೂ ಒಂದು ರೂಮು ಖಾಲಿ ಇದೆಯಲ್ಲ ಅಂದರು. ಬಸಮ್ಮನವರು ರೂಮಿನ ಬಾಗಿಲು ಇಷ್ಟೇ ಇಷ್ಟು ತೆರೆದು, ಒಣಗಿ ಕಟ್ಟಿಗೆಯಂತಾಗಿದ್ದ ಗೋಡೆಯ ಮೇಲೆ ಅಂಗೈ ಇಟ್ಟು, ನನ್ನ ಮುಖವನ್ನೇ ನೋಡುತ್ತ, "ಇನ್ನೂ ಹಸಿ ಐತೆ" ಅಂದರು. ಟ್ರಂಕು ವಾಪಸು ಹೋದವು.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಸಭೆಗಳಲ್ಲಿ ಇಲ್ಲಿಗೇ ನಿಲ್ಲಿಸುತ್ತೇನೆ: ವಿನ್ಯಾಸ ಗೆದ್ದಿತು, ಗಿರಿಜಾ ಹಗಲು ಚೆನ್ನಾಗಿ ನಿದ್ದೆ ಮಾಡಿದರು, ಕೆಲಸ ಉಳಿಯಿತು, ಚಪ್ಪಾಳೆ.

ಆದರೆ ಒಂದು ಬೆಳಿಗ್ಗೆ, ಹತ್ತು ಗಂಟೆ ಸುಮಾರಿಗೆ, ಬಸವೇಶ್ವರನಗರದ ಹೊಸ ಗಿರಾಕಿಯೊಬ್ಬರಿಗೆ ಆ ರೂಮು ತೋರಿಸಬಹುದೇ ಅಂತ ಕೇಳಲು ನಾನು ಒಬ್ಬಳೇ ಆರ್‌ಪಿಸಿ ಲೇಔಟಿಗೆ ಹೋದೆ. ಬಿಸಿಲಿತ್ತು, ಕೊಡೆ ಹಿಡಿದಿದ್ದೆ. ಮನೆಯ ಎದುರು ಬಂದು ಅಭ್ಯಾಸದಂತೆ ತಗಡಿನ ಕಡೆ ಕಣ್ಣು ಹಾಯಿಸಿದೆ. ಮುಚ್ಚಳ ತೆರೆದಿತ್ತು. ಅದು ಹೊರಗಿನಿಂದ, ಕೋಲಿನಿಂದ ಮಾತ್ರ ತೆರೆಯುವಂಥದ್ದು. ಕೋಲು ಗೇಟಿಗೆ ಒರಗಿತ್ತು. ಮುಂಬಾಗಿಲು ಒಳಗಿನಿಂದ ಹಾಕಿತ್ತು.

ನಾನು ರಸ್ತೆಯ ನಡುವೆ ನಿಂತೆ. ಆಗ ಆ ತೂತಿನೊಳಗಿಂದ ಬಸಮ್ಮನವರ ದನಿ ಕೇಳಿಸಿತು, ತಗ್ಗಿಸಿದ ದನಿ, ಆದರೂ ಸ್ಪಷ್ಟ.

"ಮೇಡಂ ಬಂತು ನೋಡು. ಕೊಡೆ ಹಿಡ್ಕಂಡು, ಬಾಣಲಿಯಾಗೆ ತಲಿ ಇಟ್ಟಂಗೆ ಐತೆ."

ಒಂದು ನಗು ಕೇಳಿಸಿತು. ಬಾಯಿಗೆ ದಿಂಬು ಒತ್ತಿಕೊಂಡು ನಕ್ಕಂಥ ನಗು. ಅದರ ಮೇಲೆ ಒಂದು "ಶ್". ನಾನು ಗೇಟು ತೆರೆಯಲಿಲ್ಲ. ಒಳಗೆ ಅವರು ನೋಡುತ್ತಿದ್ದ ಗೋಡೆಯ ಇನ್ನೊಂದು ತುದಿ ಮುಟ್ಟುವವರೆಗೆ ನಿಧಾನವಾಗಿ ನಡೆದುಕೊಂಡು ಹೋಗಿ, ಹಾಗೇ ಬಸ್‌ಸ್ಟಾಪಿಗೆ ಹೋದೆ. ಹೊಸ ಗಿರಾಕಿಗೆ ಆ ರೂಮು ನೋಡಲು ಸಿಗುವುದಿಲ್ಲ ಅಂತ ಹೇಳಿದೆ. ಆ ಹೊತ್ತಿಗೆ ಗಿರಿಜಾ ಖಾಯಂ ಆಗಿದ್ದರು, ಬೋರ್ಡಿನ ಮುಂದೆ ತೂಕಡಿಸುತ್ತಿರಲಿಲ್ಲ, ಅಷ್ಟು ಗೊತ್ತು. ಒಳಗೆ ನಕ್ಕವರು ಅವರೇ ಹೌದೋ ಅಲ್ಲವೋ ಗೊತ್ತಿಲ್ಲ. ಹೌದಾಗಿದ್ದರೆ ಅವರು ನಿದ್ದೆ ಯಾವಾಗ ಮಾಡುತ್ತಿದ್ದರು ಅನ್ನುವುದೂ ನನಗೆ ಗೊತ್ತಿಲ್ಲ.